ಮದುವೆಯ ಕೋಟಿನ ಶವಯಾತ್ರೆ

ಬದುಕಿರುವ ಗಂಡನ ಹೆಸರಿನಲ್ಲಿ ಸಾವಿನ ಚೀಟಿ ಅಂಟಿಸು ಎಂದು ಸ್ಪಾಸ್ ಕೇಳಿದಾಗ ವೆಲಿಕಾಳ ಕೈಯಲ್ಲಿ ಬಿಸಿ ಸೌಟು ಇತ್ತು. ಅದನ್ನು ಅವನ ತಲೆಗೆ ಬೀಸದೆ ಬಿಟ್ಟದ್ದು ಅವಳ ದೊಡ್ಡತನ. ಬೀನ್ಸ್ ಕಾಳಿನ ಸಾರನ್ನು ಒಂದೆರಡು ಸುತ್ತು ತಿರುವಿ, ಉರಿ ಸಣ್ಣ ಮಾಡಿ, ಅದೇ ಸೌಟಿನಿಂದ ಬಾಗಿಲು ತೋರಿಸಿದಳು.

“ಎದ್ದು ಹೋಗು ಸ್ಪಾಸ್. ನಿಮ್ಮ ಮುಷ್ಕರಕ್ಕೆ ಒಂದು ಹೆಣ ಬೇಕಿದ್ರೆ ನೀನೇ ಮಲಗ್ಕೋ. ನನ್ನ ಗಂಡನ್ನ ಯಾಕೆ ಕೇಳ್ತೀಯ?”

ಸ್ಪಾಸ್ ಏಳಲಿಲ್ಲ. ಅವನು ರಂಗೆಲ್‌ನ ಚಡ್ಡಿದೋಸ್ತ. ಹೊಗೆಸೊಪ್ಪಿನ ಕಾರ್ಖಾನೆಯಲ್ಲಿ ಸೊಪ್ಪು ಒಣಗಿಸುವ ಕೋಣೆಗಳ ಬೆಂಕಿಯನ್ನು ಇಬ್ಬರೂ ಒಟ್ಟಿಗೆ ಕಾಯುತ್ತಿದ್ದವರು. ಕಾರ್ಮಿಕ ಸಂಘಕ್ಕೆ ಬೀಗ ಬಿದ್ದ ಮೇಲೂ ಸಂಘದ ಹುಚ್ಚು ಬಿಡದ ನಾಲ್ಕಾರು ಜನರಲ್ಲಿ ಅವನೂ ಒಬ್ಬ. ಅವನು ಮೆಲ್ಲಗೆ ವಿವರಿಸಿದ. ಹೊಳೆಯ ಈಚೆ, ತಮ್ಮ ಕೆಳದಂಡೆಯಲ್ಲಿ ಐದು ಜನ ಒಟ್ಟಿಗೆ ನಿಲ್ಲುವಂತಿಲ್ಲ. ಆದರೆ ಹೆಣದ ಹಿಂದೆ ಎಷ್ಟು ಜನ ಬೇಕಾದರೂ ನಡೆಯಬಹುದು. ಸ್ಮಶಾನ ಇರುವುದು ಹೊಳೆಯ ಆಚೆ, ಮೇಲ್ದಂಡೆಯಲ್ಲಿ. ದಾರಿ ಕಾರ್ಖಾನೆಯ ಗೇಟಿನ ಮುಂದೆಯೇ ಹಾದುಹೋಗುತ್ತದೆ. ರಂಗೆಲ್ ಸತ್ತನೆಂದು ಚೀಟಿ ಬಿದ್ದರೆ ಊರಿಗೆ ಊರೇ ಎದ್ದು ಬರುತ್ತದೆ, ಒಳಗಿರುವವರೂ ಕೆಲಸ ಬಿಟ್ಟು ಹೊರಗೆ ಬರುತ್ತಾರೆ, ಒಂದು ಸಲ ಹೊರಗೆ ಬಂದವರನ್ನು ಮತ್ತೆ ಒಳಗೆ ತುಂಬುವುದು ಒಡೆಯರಿಗೆ ಸುಲಭವಲ್ಲ.

“ಅವನು ಸತ್ತಿಲ್ಲ,” ಎಂದಳು ವೆಲಿಕಾ.

“ನಂಗೂ ಅದೇ ಆಸೆ.”

“ಆಸೆ ಅಲ್ಲ. ಸತ್ತಿಲ್ಲ.”

ಸ್ಪಾಸ್ ಟೋಪಿ ಎತ್ತಿಕೊಂಡು ಹೊರಟುಹೋದ. ಮೂಲೆಯ ಕುರ್ಚಿಯಲ್ಲಿ ಕೂತು ಉಣ್ಣೆ ಬಿಡಿಸುತ್ತಿದ್ದ ಅತ್ತೆ ಗ್ರೊಜ್ದಾನಾ ಕಣ್ಣು ಸರಿಯಾಗಿ ಕಾಣದಿದ್ದರೂ ಅವನು ಹೋದ ದಿಕ್ಕಿಗೆ ಮುಖ ತಿರುಗಿಸಿ, ತನ್ನ ಮಗನ ಹೆಸರು ಚೀಟಿಯ ಮೇಲೆ ಬರೆಯುವವನ ಕೈ ಸೇದಿಹೋಗಲಿ ಎಂದಳು. ಅತ್ತೆ ಸೊಸೆ ಒಂದೇ ಮಾತಿಗೆ ಬಂದದ್ದು ಆ ಮನೆಯಲ್ಲಿ ಅಪರೂಪ.

ರಂಗೆಲ್‌ನನ್ನು ಹಿಡಿದುಕೊಂಡು ಹೋದದ್ದು ಬೇಸಿಗೆಯಲ್ಲಿ, ನಡು ಮಧ್ಯಾಹ್ನ, ಕಾರ್ಖಾನೆಯ ಅಂಗಳದಲ್ಲಿ, ಎಲ್ಲರ ಕಣ್ಣೆದುರಿಗೆ. ಪಾಳಿಯನ್ನು ಇನ್ನೂ ಎರಡು ತಾಸು ಹಿಗ್ಗಿಸಲಾಗಿದೆ, ರಾಷ್ಟ್ರ ಎಚ್ಚರವಾಗಿರಬೇಕಾದ ಕಾಲ ಇದು ಎಂದು ಧ್ವನಿವರ್ಧಕ ಹೇಳುತ್ತಿತ್ತು. ರಂಗೆಲ್‌ನ ಬಾಯಿ ಸುಮ್ಮನಿರುವ ಜಾತಿಯದ್ದಲ್ಲ. ರಾಷ್ಟ್ರಕ್ಕೆ ನಿದ್ದೆ ಬರದಿದ್ದರೆ ಒಂದು ಲೋಟ ಬಿಸಿ ಹಾಲು ಕುಡಿಸಿ, ನಮ್ಮನ್ನು ಮಲಗೋಕೆ ಬಿಡಿ ಎಂದು ಎಲ್ಲರಿಗೂ ಕೇಳುವಂತೆ ಅಂದುಬಿಟ್ಟ. ಅಂಗಳಕ್ಕೆ ಅಂಗಳವೇ ನಕ್ಕಿತು. ಸೊಪ್ಪು ಬೇರ್ಪಡಿಸುವ ಹೆಂಗಸರು ಏಪ್ರನ್ನಿನಿಂದ ಕಣ್ಣೊರೆಸಿಕೊಂಡು ನಕ್ಕರು. ಮಾತನ್ನು ಬೇಕಾದರೆ ಒಡೆಯರು ಮನ್ನಿಸುತ್ತಿದ್ದರೋ ಏನೋ, ಆ ನಗುವನ್ನು ಮನ್ನಿಸಲಿಲ್ಲ. ಬೂದು ಸಮವಸ್ತ್ರದ ನಾಲ್ವರು ಬಂದು ಅವನ ತೋಳು ಹಿಡಿದರು, ಅವನು ಅರ್ಧ ತಿಂದಿದ್ದ ಬ್ರೆಡ್ಡು ಬೆಂಚಿನ ಮೇಲೆ ಸಂಜೆಯವರೆಗೆ ಹಾಗೆಯೇ ಇತ್ತು.

ಇಂಥ ಕಾಲ ಯಾವಾಗ ಶುರುವಾಯಿತು ಎಂದು ಗ್ರಾದೆಷ್ ಪಟ್ಟಣದಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ದಿನ ಹೇಳುತ್ತಾರೆ. ಸರ್ಕಾರದ ಬೊಕ್ಕಸ ಬರಿದಾಗಿ ಪೊಲೀಸರಿಗೆ ಸಂಬಳ ನಿಂತಾಗ ಒಡೆಯರ ಸಂಘ ತಾನು ಕೊಡುತ್ತೇನೆ ಎಂದು ಮುಂದೆ ಬಂತು, ಕಳ್ಳರ ಕಾಟ ತಪ್ಪಿತಲ್ಲ ಎಂದು ಎಲ್ಲರೂ ಹರಸಿದರು. ಸಂಬಳ ಕೊಡುವವರು ಸಮವಸ್ತ್ರದ ಬಣ್ಣ ಬದಲಿಸಿದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಬೂದು ಬಣ್ಣ ಕೊಳೆ ತೋರಿಸುವುದಿಲ್ಲ ಎಂದರು. ಆಮೇಲೆ ನ್ಯಾಯಾಧೀಶರಿಗೂ ಅಲ್ಲಿಂದಲೇ ಸಂಬಳ ಬಂತು. ಚುನಾವಣೆಯ ಹೊತ್ತಿಗೆ ಜನರ ಮನಃಸ್ಥಿತಿ ಸರಿಯಿಲ್ಲ, ಸರಿಹೋದ ಮೇಲೆ ನಡೆಸೋಣ ಎಂದರು. ಅಂದಿನಿಂದ ಜನರ ಮನಃಸ್ಥಿತಿ ಸರಿಹೋಗಿಯೇ ಇಲ್ಲ. ಸೇತುವೆಗೆ ಗೇಟು ಬಿತ್ತು, ಕೆಳದಂಡೆಯವರು ದಾಟಲು ಪಾಳಿಯ ಬಿಲ್ಲೆ ತೋರಿಸಬೇಕಾಯಿತು. ಬೀದಿ ಬೀದಿಯ ಕಂಬದ ಮೇಲೆ ತಲೆ ಎಣಿಸುವ ಯಂತ್ರಗಳು ಕೂತವು. ಐದನೇ ತಲೆ ಬಂದರೆ ಅವು ಕಿರುಚುತ್ತವೆ. ಮಕ್ಕಳು ಮೊದಮೊದಲು ಬೇಕೆಂದೇ ಐದು ಜನ ಸೇರಿ ಕಿರುಚಿಸಿ ಓಡುತ್ತಿದ್ದರು, ಒಂದು ದಿನ ಬೂದು ಬಟ್ಟೆಯವರು ಒಬ್ಬನ ಕಾಲು ಮುರಿದ ಮೇಲೆ ಆ ಆಟ ನಿಂತಿತು.

ಸಾವಿಗೆ ಮಾತ್ರ ಅವರು ಕೈ ಹಾಕಲಿಲ್ಲ. ಎಷ್ಟೇ ಮೇಲಕ್ಕೆ ಹೋದವನಿಗೂ ತಾಯಿ ಇರುತ್ತಾಳೆ, ಆ ತಾಯಿಗೂ ಒಂದು ಚೀಟಿ ಬೇಕಾಗುತ್ತದೆ. ಈ ಸೀಮೆಯಲ್ಲಿ ಯಾರಾದರೂ ಸತ್ತರೆ ಫೋಟೊ ಹಾಕಿ, ಕಪ್ಪು ಅಂಚಿನ ಚೀಟಿ ಅಚ್ಚು ಹಾಕಿಸಿ ಬಾಗಿಲಿಗೆ, ಮರಕ್ಕೆ, ಬಸ್ ನಿಲ್ದಾಣಕ್ಕೆ, ರೊಟ್ಟಿ ಅಂಗಡಿಯ ಗೋಡೆಗೆ ಅಂಟಿಸುತ್ತಾರೆ. ಮುಸಲ್ಮಾನರಾದರೆ ಅಂಚು ಹಸಿರು. ನಲವತ್ತನೇ ದಿನಕ್ಕೊಂದು, ಆರು ತಿಂಗಳಿಗೊಂದು, ವರ್ಷಕ್ಕೊಂದು ಹೊಸ ಚೀಟಿ. ಪತ್ರಿಕೆಗಳಲ್ಲಿ ಓದುವುದಕ್ಕೆ ಏನೂ ಉಳಿಯದಿದ್ದ ಕಾಲದಲ್ಲಿ ಜನ ಬೆಳಗ್ಗೆ ಎದ್ದು ಈ ಚೀಟಿಗಳನ್ನೇ ಓದುತ್ತಿದ್ದರು.

ವೆಲಿಕಾ ಪ್ರತಿ ಸೋಮವಾರ ಎರವಲು ಬಿಲ್ಲೆ ತೋರಿಸಿ ಸೇತುವೆ ದಾಟಿ, ಬೂದು ಬಟ್ಟೆಯವರ ಸುವ್ಯವಸ್ಥಾ ಕಚೇರಿಯ ಕಿಟಕಿಗೆ ಹೋಗುತ್ತಿದ್ದಳು. ಅಲ್ಲಿಯ ಅಧಿಕಾರಿ ಪಾಸ್ಕಾಲೆವ್ ಅವಳ ಜೊತೆ ಒಂದೇ ಶಾಲೆಯಲ್ಲಿ ಓದಿದವನು, ಕೆಳದಂಡೆಯವನೇ. ಅವನ ತಾಯಿ ಇದೇ ಕಾರ್ಖಾನೆಯಲ್ಲಿ ಸೊಪ್ಪು ಬಿಡಿಸಿ ಬಿಡಿಸಿ ಕೆಮ್ಮು ಅಂಟಿಸಿಕೊಂಡು ಸತ್ತಳು. ಮಗ ಮಾತ್ರ ಸೇತುವೆ ದಾಟಿ ಮೇಲ್ದಂಡೆಯಲ್ಲಿ ಮನೆ ಮಾಡಿ, ಅಲ್ಲಿಯವರ ಹಾಗೆ ಮಾತಿನ ಕೊನೆಯನ್ನು ನುಂಗುವುದನ್ನೂ ಕಲಿತಿದ್ದ. ಅವನು ನೀನು ಎಂದರೆ ಇವಳು ಬೇಕೆಂದೇ ನೀವು, ಸ್ವಾಮಿ ಎನ್ನುತ್ತಿದ್ದಳು. ಅದು ಅವನಿಗೆ ಚುಚ್ಚುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಪ್ರತಿ ವಾರವೂ ಅದೇ ಉತ್ತರ. ಆ ಹೆಸರಿನವರು ಯಾರೂ ನಮ್ಮಲ್ಲಿಲ್ಲ, ಯಾರನ್ನೂ ನಾವು ಹಿಡಿದಿಲ್ಲ, ಪ್ಲೊವ್ದಿವ್ ನಗರದ ಕಡೆಗೆ ಕೆಲಸ ಹುಡುಕಿಕೊಂಡು ಹೋಗಿರಬೇಕು. ಒಮ್ಮೆಯಂತೂ, ಗಂಡಸರ ಬುದ್ಧಿ ನಿನಗೆ ಗೊತ್ತಿಲ್ಲವೇ, ಅಲ್ಲಿ ಇನ್ನೊಬ್ಬಳು ಇರಬಹುದು ಎಂದು ನಕ್ಕಿದ್ದ. ಸ್ಪಾಸ್ ಬಂದುಹೋದ ಮುಂದಿನ ಸೋಮವಾರ ಅವನು ನಗಲಿಲ್ಲ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಕಿಟಕಿಗೆ ಬಾಗಿದ.

“ವೆಲಿಕಾ, ಹಳೇ ಪರಿಚಯ ಅಂತ ಹೇಳ್ತಿದೀನಿ. ಇಲ್ಲಿಗೆ ಬಂದು ಚಪ್ಪಲಿ ಸವೆಸಬೇಡ. ಸತ್ತ ಅಂತ ತಿಳ್ಕೊಂಡ್ಬಿಡು. ನಿಂಗಿನ್ನೂ ವಯಸ್ಸಿದೆ.”

“ಸತ್ತಿದಾನಾ?”

“ಹಾಗಂತ ನಾನು ಹೇಳಿಲ್ಲ. ತಿಳ್ಕೋ ಅಂದೆ.”

ಅವಳು ಎಲ್ಲೂ ನಿಲ್ಲದೆ ಸೇತುವೆ ದಾಟಿ ಮನೆಗೆ ಬಂದಳು. ಸತ್ತಿದ್ದರೆ ಅವನು ಕಣ್ಣು ತಪ್ಪಿಸುತ್ತಿದ್ದ. ಚಿಕ್ಕಂದಿನಿಂದ ಪಾಸ್ಕಾಲೆವ್‌ನ ಕಣ್ಣು ಅವಳಿಗೆ ಗೊತ್ತು; ಸುಳ್ಳು ಹೇಳುವಾಗ ನೆಟ್ಟಗೆ ನೋಡುತ್ತಾನೆ, ನಾಚಿಕೆಯಾದಾಗ ಉಗುರು ನೋಡುತ್ತಾನೆ. ಇವತ್ತು ಉಗುರು ನೋಡಿಕೊಳ್ಳಲಿಲ್ಲ, ನೆಟ್ಟಗೆ ನೋಡಿದ. ಒಲೆಯ ಮುಂದೆ ನಿಂತಾಗ ಇದ್ದಕ್ಕಿದ್ದಂತೆ ಅವಳಿಗೆ ಹೊಳೆಯಿತು. ಹೊಳೆದ ಮೇಲೆ ಕೂರಲು ಆಗಲಿಲ್ಲ, ನಿಲ್ಲಲು ಆಗಲಿಲ್ಲ, ಒಂದೇ ತಟ್ಟೆಯನ್ನು ಮತ್ತೆ ಮತ್ತೆ ತೊಳೆದಳು.

ಅತ್ತೆಗೆ ಹೇಳದೆ ವಿಧಿಯಿರಲಿಲ್ಲ. ದೇಹ ಸಿಗದವರನ್ನು ಹೂಳುವಾಗ ಅವರ ಒಳ್ಳೆಯ ಬಟ್ಟೆಯನ್ನು ಪೆಟ್ಟಿಗೆಯಲ್ಲಿ ಇಟ್ಟು ಹೂಳುವುದು ವಾಡಿಕೆ. ಯುದ್ಧಕ್ಕೆ ಹೋದವರಿಗೆ, ಸಮುದ್ರದಲ್ಲಿ ಹೋದವರಿಗೆ ಹಾಗೆಯೇ ಮಾಡುತ್ತಿದ್ದರು. ರಂಗೆಲ್‌ನ ಮದುವೆಯ ಕೋಟು ಗ್ರೊಜ್ದಾನಾಳ ಪೆಟಾರಿಯಲ್ಲಿತ್ತು, ಬೀಗದ ಕೈ ಅವಳ ಕೊರಳಲ್ಲಿತ್ತು.

ಮುದುಕಿ ಮೊದಲು ಕೇಳಿದ್ದನ್ನೇ ನಂಬಲಿಲ್ಲ. ಆಮೇಲೆ ಬಾಯಿಗೆ ಬಂದಂತೆ ಬೈದಳು. ಬದುಕಿರುವವನ ಬಟ್ಟೆ ಹೂತರೆ ಬಟ್ಟೆ ಅವನನ್ನು ಕೆಳಗಿನಿಂದ ಕರೆಯುತ್ತದೆ, ಇದು ಹಸುಗೂಸಿಗೂ ಗೊತ್ತು; ಈ ಮನೆಗೆ ಕಾಲಿಟ್ಟ ದಿನದಿಂದ ನೀನು ನನ್ನ ಮಗನನ್ನು ತಿನ್ನಲು ಕಾದಿದ್ದೀಯ; ಸ್ಪಾಸ್ ಏನು ಮದ್ದು ಹಾಕಿದ ನಿನಗೆ. ವೆಲಿಕಾ ಎಲ್ಲವನ್ನೂ ಕೇಳಿಸಿಕೊಂಡಳು. ಬೈಗುಳ ಬತ್ತಿದ ಮೇಲೆ ಅತ್ತೆಯ ಕಾಲ ಬಳಿ ಕೂತಳು.

“ಅತ್ತೆ, ಅವನು ನಮ್ಮ ಹತ್ರ ಇಲ್ಲ ಅಂತಾರೆ ತಾನೇ ಅವರು? ಇಲ್ದೋನನ್ನ ಬಿಡಿ ಅಂತ ಹೇಗೆ ಕೇಳೋದು? ಅದೇ ನಾವು ಸತ್ತ ಅಂತ ಸಾರಿ, ಊರೆಲ್ಲಾ ಗೇಟಿನ ಮುಂದೆ ಬಂದು ನಿಂತ್ರೆ, ಆಗ ಅವರು ಏನ್ಮಾಡ್ತಾರೆ? ಸುಳ್ಳು, ಬದುಕಿದಾನೆ ಅಂತ ತೋರಿಸ್ಬೇಕು. ತೋರಿಸ್ಬೇಕಾದ್ರೆ ಹೊರಗೆ ತರಲೇಬೇಕು.”

ಗ್ರೊಜ್ದಾನಾ ಉಣ್ಣೆಯ ಉಂಡೆಯನ್ನು ಮಡಿಲಲ್ಲಿ ಹೊರಳಿಸಿದಳು.

“ತರದೇ ಇದ್ರೆ?”

“ತರದೇ ಇದ್ರೆ ಅವನಿಲ್ಲ ಅಂತ ಅರ್ಥ, ಅತ್ತೆ. ಆಗ ನಾವು ಮಾಡಿದ್ದು ಸರಿಯಾಗೇ ಇರುತ್ತೆ.”

ಮುದುಕಿ ಕೊರಳಿನಿಂದ ಬೀಗದ ಕೈ ತೆಗೆದು ನೆಲಕ್ಕೆ ಎಸೆದಳು. ಕೋಟಿನ ಜೇಬಿನಲ್ಲಿ ನುಸಿಗುಳಿಗೆ ಇವೆ, ಅವನ್ನು ತೆಗಿ, ಅವನಿಗೆ ಆ ವಾಸನೆ ಆಗದು ಎಂದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು.

ಸ್ಪಾಸ್‌ಗೆ ವೆಲಿಕಾ ತನ್ನ ಲೆಕ್ಕಾಚಾರ ಹೇಳಲಿಲ್ಲ. ಆಯಿತು, ಅಂಟಿಸು ಎಂದಷ್ಟೇ ಅಂದಳು. ಅವನಿಗೆ ಬೇಕಾದದ್ದು ಜನ, ಅವಳಿಗೆ ಬೇಕಾದದ್ದು ಒಬ್ಬ. ಇಬ್ಬರ ದಾರಿಯೂ ಆ ಗೇಟಿನವರೆಗೆ ಒಂದೇ ಆಗಿತ್ತು, ಅಲ್ಲಿಂದ ಮುಂದೆ ಅವನ ಪಾಡು ಅವನಿಗೆ. ಮುಷ್ಕರ ಗೆದ್ದರೆಷ್ಟು ಬಿದ್ದರೆಷ್ಟು ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡದ್ದು ನಿಜ, ಅದಕ್ಕಾಗಿ ಅವಳನ್ನು ದೂರುವವರು ಆ ತಿಂಗಳುಗಳಲ್ಲಿ ಆ ಹಾಸಿಗೆಯಲ್ಲಿ ಒಬ್ಬರೇ ಮಲಗಿ ನೋಡಬೇಕು.

ಮದುವೆಯ ಫೋಟೊದಿಂದ ಅವಳನ್ನು ಕತ್ತರಿಸಿ ರಂಗೆಲ್‌ನನ್ನು ಮಾತ್ರ ಚೀಟಿಗೆ ಹಾಕಿದರು. ಅವನ ಭುಜದ ಮೇಲೆ ಅವಳ ಬೆರಳುಗಳು ಹಾಗೆಯೇ ಉಳಿದಿದ್ದವು. ಬೆಳಗಾಗುವುದರೊಳಗೆ ಆ ಮುಖ ಕೆಳದಂಡೆಯ ಎಲ್ಲ ಬಾಗಿಲು, ಎಲ್ಲ ಮರ, ಎಲ್ಲ ಕಂಬದ ಮೇಲೆ ಇತ್ತು. ತಲೆ ಎಣಿಸುವ ಯಂತ್ರದ ಕಂಬಗಳನ್ನೂ ಬಿಟ್ಟಿರಲಿಲ್ಲ. ವೆಲಿಕಾ ತನ್ನ ಬಾಗಿಲಿನ ಮೇಲಿನದ್ದನ್ನು ಹತ್ತಿರ ಹೋಗಿ ನೋಡಿದಳು. ಕಿತ್ತು ಹಾಕಬೇಕೆಂದು ಕೈ ಎತ್ತಿದಳು. ಅಷ್ಟರಲ್ಲಿ ಎದುರು ಮನೆಯ ಹೆಂಗಸು ಬಂದು ಅವಳನ್ನು ಅಪ್ಪಿಕೊಂಡು ಅಳತೊಡಗಿದಳು. ಆಮೇಲೆ ಪಕ್ಕದ ಮನೆಯವಳು, ಆಮೇಲೆ ಮೇಲಿನ ಬೀದಿಯ ತುರ್ಕಿ ಮುದುಕ ದಂಪತಿ, ಒಂದು ತಟ್ಟೆ ಹಲ್ವಾ ಹಿಡಿದುಕೊಂಡು. ಎಲ್ಲರಿಗೂ ಅವಳು ತಲೆಬಾಗಿ ಸುಳ್ಳು ಹೇಳಬೇಕಾಯಿತು. ಅವರ ಅಳು ಮಾತ್ರ ಸುಳ್ಳಾಗಿರಲಿಲ್ಲ, ಅದೇ ಅವಳಿಗೆ ತಡೆಯಲಾಗದೆ ಹೋಯಿತು. ಇದೇನು ಮಾಡಿಬಿಟ್ಟೆ ಎಂದು ದಿನವಿಡೀ ಮನೆಯೊಳಗೆ ಅತ್ತಿಂದಿತ್ತ ಓಡಾಡಿದಳು.

ಶವಯಾತ್ರೆಯ ಬೆಳಗ್ಗೆ ಗೋಧಿ ಬೇಯಿಸಿದಳು. ಸಾವಿನ ಮನೆಯ ಗೋಧಿಗೆ ಸಕ್ಕರೆ ಪುಡಿ ಉದುರಿಸಿ, ಅಕ್ರೋಟು ಹಾಕಿ ಬಂದವರಿಗೆಲ್ಲ ಹಂಚಬೇಕು. ಕೊಟ್ಟದ್ದನ್ನು ಯಾರೂ ಬೇಡ ಎನ್ನುವಂತಿಲ್ಲ, ಬಾಯಿಗೆ ಹಾಕಿಕೊಂಡು ಸತ್ತವನ ಹೆಸರು ಹೇಳಿ ದೇವರು ಅವನನ್ನು ಕ್ಷಮಿಸಲಿ ಎನ್ನಬೇಕು. ಗ್ರೊಜ್ದಾನಾ ತಾನೇ ಅಕ್ರೋಟು ಒಡೆದು ಕೊಟ್ಟಳು.

ಪೆಟ್ಟಿಗೆ ಎತ್ತಿದವರು ಆರು ಜನ. ಒಳಗೆ ಕೋಟು, ಒಂದು ಜೊತೆ ಬೂಟು. ಭಾರ ಇಲ್ಲದ್ದನ್ನು ಹೊತ್ತು ಭಾರವಿದ್ದಂತೆ ನಡೆಯುವುದು ಅವರಿಗೆ ಕಷ್ಟವಾಯಿತು. ರಂಗೆಲ್ ಯಾವತ್ತೂ ಇಷ್ಟು ಹಗುರವಾಗಿ ನಮ್ಮ ಮೇಲೆ ಬಿದ್ದವನಲ್ಲ ಎಂದು ಹಿಂದಿನವನೊಬ್ಬ ಗೊಣಗಿದ. ಕುಡಿದ ದಿನ ಅವನನ್ನು ಹೊತ್ತು ತಂದವರು ಅದೇ ಜನ. ಮುಂದೆ ಪಾದ್ರಿ ಆನಾನಿ, ಹಿಂದೆ ತಟ್ಟೆ ಹಿಡಿದ ವೆಲಿಕಾ, ಅವಳ ತೋಳು ಹಿಡಿದ ಅತ್ತೆ, ಅವರ ಹಿಂದೆ ಬೀದಿ ಬೀದಿಯಿಂದ ಬಂದು ಸೇರುತ್ತಲೇ ಇದ್ದ ಜನ. ಕಂಬಗಳು ಕಿರುಚತೊಡಗಿದವು. ಒಂದರ ಕಿರುಚಾಟ ಮುಗಿಯುವ ಮೊದಲೇ ಮುಂದಿನದು ಶುರು ಮಾಡುತ್ತಿತ್ತು, ಪಾದ್ರಿಯ ಪ್ರಾರ್ಥನೆ ಯಾರಿಗೂ ಕೇಳಿಸಲಿಲ್ಲ. ಕೊನೆಗೆ ಬೂದು ಬಟ್ಟೆಯವರೇ ನಿಯಮ ನೋಡಿ, ಬೇರೆ ದಾರಿ ಕಾಣದೆ ಯಂತ್ರಗಳನ್ನು ಆರಿಸಿದರು. ಆ ಮೌನದಲ್ಲಿ ಹೆಜ್ಜೆಗಳ ಸದ್ದು ಎಷ್ಟೆಂದು ಎಲ್ಲರಿಗೂ ಆಗಲೇ ಗೊತ್ತಾಯಿತು.

ಸೇತುವೆಯಲ್ಲಿ ಗೇಟು ಕಾಯುವವರು ಬಂದೂಕು ಅಡ್ಡ ಹಿಡಿದು ನಿಂತಿದ್ದರು. ಪೆಟ್ಟಿಗೆ ಹತ್ತಿರ ಬಂದಾಗ ಒಬ್ಬನ ಕೈ ತನ್ನಷ್ಟಕ್ಕೆ ತಾನೇ ಟೋಪಿಗೆ ಹೋಯಿತು. ಅವನನ್ನು ನೋಡಿ ಉಳಿದವರೂ ಟೋಪಿ ತೆಗೆದು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಪಕ್ಕಕ್ಕೆ ಸರಿದರು. ವರ್ಷಗಳಿಂದ ಬಿಲ್ಲೆ ಇಲ್ಲದೆ ಇಷ್ಟು ಜನ ಎಂದೂ ದಾಟದ ಸೇತುವೆಯನ್ನು ಇಡೀ ಕೆಳದಂಡೆ ದಾಟಿತು.

ಸತ್ತವನು ದುಡಿದ ಜಾಗದ ಮುಂದೆ ಪೆಟ್ಟಿಗೆ ಇಳಿಸಿ ಪ್ರಾರ್ಥನೆ ಹೇಳುವುದು ಪದ್ಧತಿ. ಹೆಣ ಬಾಗಿಲ ಮುಂದಿರುವಾಗ ಕೆಲಸ ಮಾಡುವುದು ಪಾಪ. ಕಾರ್ಖಾನೆಯ ಗೇಟಿನ ಎದುರು ಪೆಟ್ಟಿಗೆ ಇಳಿಸುತ್ತಲೇ ಒಳಗೆ ಯಂತ್ರಗಳು ಒಂದೊಂದಾಗಿ ನಿಂತವು. ಹೆಂಗಸರು ಮೈಮೇಲಿನ ಸೊಪ್ಪಿನ ಧೂಳನ್ನೂ ಕೊಡವದೆ ಹೊರಗೆ ಬಂದರು, ಗಂಡಸರು ಟೋಪಿ ಕಂಕುಳಲ್ಲಿ ಇರುಕಿಕೊಂಡು ಬಂದರು. ಯಾರೂ ಘೋಷಣೆ ಕೂಗಲಿಲ್ಲ. ಸ್ಪಾಸ್ ಜನರ ನಡುವೆ ನಿಂತು ಬಿಳಿಚಿಕೊಂಡ ಮುಖದಲ್ಲಿ ನಗುತ್ತಿದ್ದ.

ವೆಲಿಕಾ ಗೇಟಿನ ಪಕ್ಕದ ಮೆಟ್ಟಿಲುಗಳನ್ನೇ ನೋಡುತ್ತಿದ್ದಳು. ತನ್ನಿ, ತನ್ನಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು.

ಪಾಸ್ಕಾಲೆವ್ ಬಂದ. ಕೈಯಲ್ಲಿ ಧ್ವನಿವರ್ಧಕ, ಮುಖದಲ್ಲಿ ಕೋಪವಿಲ್ಲ. ಈ ಪೆಟ್ಟಿಗೆಯಲ್ಲಿ ಕೋಟು ಮಾತ್ರ ಇದೆಯೆಂದು ನನಗೂ ಗೊತ್ತು ನಿಮಗೂ ಗೊತ್ತು, ದುಃಖದಲ್ಲಿರುವ ಒಬ್ಬ ಹೆಂಗಸನ್ನು ಮುಂದಿಟ್ಟುಕೊಂಡು ಕೆಲವರು ನಿಮ್ಮನ್ನು ಮೂರ್ಖರನ್ನಾಗಿ ಮಾಡಿದ್ದಾರೆ ಎಂದ. ಹಿಂದಕ್ಕೆ ತಿರುಗಿ ಕೈ ಮಾಡಿದ. ಪಕ್ಕದ ಸಣ್ಣ ಬಾಗಿಲು ತೆರೆಯಿತು.

ರಂಗೆಲ್ ಹೊರಗೆ ಬಂದ. ಯಾರದೋ ಹೊಸ ಅಂಗಿ, ಕುತ್ತಿಗೆಯವರೆಗೆ ಗುಂಡಿ ಹಾಕಿತ್ತು. ಗಡ್ಡ ಬೋಳಿಸಿದ್ದರು. ಪ್ರತಿ ಹೆಜ್ಜೆಗೂ ನೆಲ ಇದೆಯೋ ಇಲ್ಲವೋ ಎಂದು ನೋಡಿಕೊಂಡು ನಡೆದ. ಕೊಟ್ಟ ಹಾಳೆಯನ್ನು ಒಂದು ಕಣ್ಣಿಗೆ ಹತ್ತಿರ ಹಿಡಿದು ಓದಿದ. ನಾನು ರಂಗೆಲ್, ಬದುಕಿದ್ದೇನೆ, ಆರೋಗ್ಯವಾಗಿದ್ದೇನೆ, ನನ್ನ ಇಷ್ಟದಿಂದಲೇ ದೂರ ಇದ್ದೆ, ಸುಳ್ಳು ನಂಬಬೇಡಿ, ಕೆಲಸಕ್ಕೆ ಹಿಂತಿರುಗಿ. ಇಡೀ ಅಂಗಳವನ್ನು ನಗಿಸಿದ್ದ ಬಾಯಿ ಅಕ್ಷರ ಕಲಿಯುವ ಮಗುವಿನ ಹಾಗೆ ಪದ ಪದ ಬಿಡಿಸಿ ಓದುತ್ತಿತ್ತು.

ವೆಲಿಕಾಳಿಗೆ ಆದದ್ದು ಸಂತೋಷ. ನಾಚಿಕೆಗೆಟ್ಟ, ಕಣ್ಣು ಕಾಣದ ಸಂತೋಷ. ತನ್ನ ಲೆಕ್ಕ ಸರಿಯಾಗಿತ್ತು, ಅವನು ಇದ್ದ, ಹತ್ತು ಮಾರು ದೂರದಲ್ಲಿ ನಿಂತಿದ್ದ. ಸುತ್ತಮುತ್ತ ಏನಾಗುತ್ತಿದೆ ಎನ್ನುವುದು ಆಮೇಲೆ ಅವಳ ಗಮನಕ್ಕೆ ಬಂತು. ಗಂಡಸರು ಟೋಪಿಗಳನ್ನು ತಲೆಗೆ ಏರಿಸಿಕೊಳ್ಳುತ್ತಿದ್ದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡದೆ ಗೇಟಿನ ಕಡೆ ತಿರುಗುತ್ತಿದ್ದರು. ಅವಳನ್ನು ಅಪ್ಪಿಕೊಂಡು ಅತ್ತಿದ್ದ ಎದುರು ಮನೆಯವಳು ಈಗ ಕೆನ್ನೆಗೆ ಹೊಡೆಸಿಕೊಂಡವಳ ಹಾಗೆ ಅವಳನ್ನೇ ನೋಡುತ್ತಿದ್ದಳು. ಸ್ಪಾಸ್‌ನ ನಗು ಇರಲಿಲ್ಲ.

ಪಾಸ್ಕಾಲೆವ್ ಅವಳನ್ನು ಮೇಲಕ್ಕೆ ಕರೆದ. ಅವಳು ಮೆಟ್ಟಿಲು ಹತ್ತಿದಳು, ಗೋಧಿಯ ತಟ್ಟೆ ಕೈಯಲ್ಲೇ ಇತ್ತು. ಅವನು ಧ್ವನಿವರ್ಧಕವನ್ನು ಕೆಳಗಿಳಿಸಿ ಮೆಲ್ಲಗೆ ಹೇಳಿದ.

“ಕರ್ಕೊಂಡು ಹೋಗು. ಈಗಲೇ. ಈ ಚೀಟಿ ಅಂಟಿಸು ಅಂತ ಹೇಳ್ಕೊಟ್ಟೋನ ಹೆಸರು ಒಂದು ಇದರಲ್ಲಿ ಹೇಳ್ಬಿಡು, ಮುಗೀತು.”

ಅವಳು ಹೇಳುವವಳೇ ಇದ್ದಳು. ಇದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಸ್ಪಾಸ್‌ಗೆ ಹೆಂಡತಿ ಇಲ್ಲ, ತಾಯಿ ಇಲ್ಲ, ಹೇಗೂ ಇಂದಲ್ಲ ನಾಳೆ ಅವನನ್ನು ಹಿಡಿಯುತ್ತಾರೆ ಎಂದು ಅವಳ ಮನಸ್ಸು ಆಗಲೇ ಎಲ್ಲ ನೆಪಗಳನ್ನೂ ಜೋಡಿಸಿಕೊಂಡಿತ್ತು. ಹೆಸರು ನಾಲಿಗೆಯ ಮೇಲಿತ್ತು. ಪಾಸ್ಕಾಲೆವ್ ಧ್ವನಿವರ್ಧಕವನ್ನು ಅವಳ ಬಾಯಿಯ ಹತ್ತಿರ ಹಿಡಿದ. ಅಷ್ಟರಲ್ಲಿ ರಂಗೆಲ್ ತಟ್ಟೆಯನ್ನು ನೋಡಿ ಅವಳ ಪಕ್ಕಕ್ಕೆ ಬಂದ. ಅವನ ಮೈಯಿಂದ ಆಸ್ಪತ್ರೆಯ ಸೋಪಿನ ವಾಸನೆ ಬಂತು.

“ಅಕ್ರೋಟು ಹಾಕಿದೀಯಾ?”

“ಹಾಕಿದೀನಿ.”

“ನಂಗೋಸ್ಕರ?”

“ಇನ್ಯಾರಿಗೆ ಮತ್ತೆ?”

ಧ್ವನಿವರ್ಧಕ ಈ ಮಾತುಗಳನ್ನೂ ಜನರ ಕೊನೆಯ ಸಾಲಿನವರೆಗೆ ಕೊಂಡೊಯ್ದಿತು. ಗೇಟಿನ ಕಡೆ ಹೊರಟಿದ್ದವರು ನಿಂತರು. ರಂಗೆಲ್ ಒಂದು ಹಿಡಿ ಗೋಧಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡ. ಒಂದೇ ಪಕ್ಕದಲ್ಲಿ ನಿಧಾನವಾಗಿ ಅಗಿದ, ಇನ್ನೊಂದು ಪಕ್ಕದಲ್ಲಿ ಹಲ್ಲು ಉಳಿದಿರಲಿಲ್ಲ. ನುಂಗಿದ ಮೇಲೆ ಹಾಳೆಯನ್ನು ಮಡಿಸಿ ಪಾಸ್ಕಾಲೆವ್‌ನ ಕೈಗೆ ಮರ್ಯಾದೆಯಿಂದ ಕೊಟ್ಟು, ಜನರ ಕಡೆ ತಿರುಗಿದ.

“ದೇವ್ರು ರಂಗೆಲ್‌ನ ಕ್ಷಮಿಸ್ಲಿ,” ಎಂದ. “ಒಳ್ಳೆಯೋನಿದ್ದ. ಬಾಯಿ ಮಾತ್ರ ಸ್ವಲ್ಪ ಜಾಸ್ತಿ.”

ಆಮೇಲೆ ಹಿಂದೆಲ್ಲೋ ಒಬ್ಬ ಹೆಂಗಸು ನಕ್ಕಳು, ನಗುತ್ತಲೇ ಅತ್ತಳು. ಟೋಪಿಗಳು ಮತ್ತೆ ಕೆಳಗಿಳಿದವು. ದೇವರು ಅವನನ್ನು ಕ್ಷಮಿಸಲಿ ಎಂದು ಮುಂದಿನ ಸಾಲು ಅಂದಿತು, ಅದರ ಹಿಂದಿನ ಸಾಲು ಅಂದಿತು, ಸೇತುವೆಯ ಮೇಲಿದ್ದವರು ಏನು ಎತ್ತ ಎಂದು ಕೇಳದೆಯೇ ಅಂದರು. ಸಾವಿನ ಮನೆಯ ಮಾತಿಗೆ ಉತ್ತರ ಕೊಡುವುದು ಅವರ ರಕ್ತದಲ್ಲಿತ್ತು.

ಪಾಸ್ಕಾಲೆವ್‌ನ ಕಿವಿ ಕೆಂಪಾಯಿತು. ಅವನು ಅವಳ ರಟ್ಟೆ ಹಿಡಿದ.

“ಹೆಸರು ಬೇಡ. ಇವನು ನಿನ್ನ ಗಂಡ ಅಂತ ಹೇಳು ಸಾಕು. ಹೇಳಿ ಮನೆಗೆ ಕರ್ಕೊಂಡು ಹೋಗು, ವೆಲಿಕಾ.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಒಂದು ಮಾತು, ಅಷ್ಟೇ. ವೆಲಿಕಾ ಗಂಡನ ಮುಖ ನೋಡಿದಳು. ಅವನು ತಲೆಯಾಡಿಸಲಿಲ್ಲ, ಬೇಡ ಅನ್ನಲಿಲ್ಲ, ಬೇಕು ಅನ್ನಲಿಲ್ಲ. ತನ್ನ ಕೆಲಸ ಮುಗಿಸಿ ದಣಿದವನ ಹಾಗೆ ಸುಮ್ಮನೆ ನಿಂತಿದ್ದ. ಅವಳಿಗೆ ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಯಾವತ್ತೂ ಹೀಗೆಯೇ, ಕೇಳದೆ ಒಂದು ಮಾಡಿಬಿಡುವುದು, ಆಮೇಲೆ ಉಳಿದದ್ದನ್ನು ಹೆಂಡತಿಯ ತಲೆಗೆ ಕಟ್ಟುವುದು. ಅವನು ಮನೆಗೆ ಬಂದು, ಯಾರ ಮುಖವನ್ನೂ ನೋಡಲಾಗದೆ, ಒಲೆಯ ಪಕ್ಕ ಗೋಡೆ ನೋಡುತ್ತ ಕೂತಿದ್ದರೂ ಅವಳಿಗೆ ಸಾಕಿತ್ತು. ಹಾಗೆ ಕೂತವನಿಗೆ ಊಟ ಹಾಕುತ್ತ ಮುದುಕಿಯಾಗಲು ಅವಳು ತಯಾರಿದ್ದಳು. ಆದರೆ ಆ ಒಂದು ಹಿಡಿ ಗೋಧಿಗೆ ಅವನು ಎಷ್ಟು ತೆತ್ತಿದ್ದಾನೆ ಎಂಬುದು ಅಲ್ಲಿ ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ. ಹೌದು ಎಂದರೆ ಅದೆಲ್ಲ ಒಂದು ತಮಾಷೆಯಾಗಿ ಹೋಗುತ್ತಿತ್ತು.

“ನನ್ನ ಗಂಡ ತೀರಿಕೊಂಡಿದಾನೆ ಸ್ವಾಮಿ,” ಎಂದಳು. “ನೀವೇ ತಾನೇ ಹಾಗೆ ತಿಳ್ಕೋ ಅಂದಿದ್ದು. ಇವರು ಯಾರೋ, ಗೋಧಿ ತಗೊಳ್ಳೋಕೆ ಬಂದ್ರು.”

ಬೂದು ಬಟ್ಟೆಯವರು ರಂಗೆಲ್‌ನನ್ನು ಸಣ್ಣ ಬಾಗಿಲಿನೊಳಗೆ ಎಳೆದುಕೊಂಡು ಹೋದರು. ಅವನು ಹಿಂತಿರುಗಿ ನೋಡಲಿಲ್ಲ. ನೋಡಿದ್ದರೆ ಅವಳು ಆಡಿದ ಮಾತನ್ನು ನುಂಗಿಬಿಡುತ್ತಿದ್ದಳು. ಪಾಸ್ಕಾಲೆವ್ ಧ್ವನಿವರ್ಧಕದಲ್ಲಿ ಏನೋ ಹೇಳಲು ಶುರು ಮಾಡಿದ, ಆದರೆ ಕೆಳಗೆ ಯಾರೂ ಅವನ ಕಡೆ ನೋಡುತ್ತಿರಲಿಲ್ಲ. ಆರು ಜನ ಪೆಟ್ಟಿಗೆಯನ್ನು ಭುಜಕ್ಕೆ ಏರಿಸಿದರು. ಈ ಸಲ ನಿಜವಾಗಿಯೂ ಭಾರವಿದ್ದಂತೆ ಅವರ ಮೊಣಕಾಲು ಬಾಗಿತು. ಕಾರ್ಖಾನೆಯ ಜನ ಒಬ್ಬರೂ ಒಳಗೆ ಹೋಗಲಿಲ್ಲ, ಸ್ಮಶಾನದ ದಾರಿ ಹಿಡಿದರು.

ವೆಲಿಕಾ ಮೆಟ್ಟಿಲಿಳಿದು ಬಂದಾಗ ಗ್ರೊಜ್ದಾನಾ ಜನರ ನಡುವೆ ಎರಡೂ ಕೈ ಮುಂದೆ ಚಾಚಿ ನಿಂತಿದ್ದಳು. ಅಷ್ಟು ದೂರದ್ದು ಅವಳಿಗೆ ಬರೀ ಮಂಜು. ಸೊಸೆಯ ತೋಳು ಸಿಗುತ್ತಲೇ ಗಟ್ಟಿಯಾಗಿ ಹಿಡಿದುಕೊಂಡಳು, ಒಂದಷ್ಟು ದೂರ ಪೆಟ್ಟಿಗೆಯ ಹಿಂದೆ ನಡೆದಳು. ಆಮೇಲೆ ಯಾರಿಗೂ ಕೇಳದ ಹಾಗೆ ಕೇಳಿದಳು.

“ಅವನೇನಾ?”

“ಅವನೇ ಅತ್ತೆ.”

“ತಿಂದನಾ?”

“ತಿಂದ. ಅಕ್ರೋಟು ಹಾಕಿದೀಯಾ ಅಂತ ಕೇಳಿ ತಿಂದ.”